ಡಿಗ್ರಿ ಇಲ್ಲದ ಓಲ್ಮ್‌ಸ್ಟೆಡ್, ಕೊಳಚೆ ತುಂಬಿದ ಕೊಲ್ಲಿ

ಸೆಪ್ಟೆಂಬರ್ ಬಂತಂದ್ರೆ ನಮ್ಮ ಸಂಚಿಕೆಯಲ್ಲಿ ಸರ್ ಎಂ.ವಿ. ಬಗ್ಗೆ ಒಂದು ಲೇಖನ ಇರಲೇಬೇಕು. ಇರಲಿ, ಇರಬೇಕಾದದ್ದೇ. ಆದರೆ ಈ ಸಲ ನಾವು ಬೇರೆ ಒಬ್ಬನ ಕಥೆ ಹೇಳೋಣ ಅಂದುಕೊಂಡೆವು. ಆತ ಎಂಜಿನಿಯರಿಂಗ್ ಡಿಗ್ರಿ ಪಡೆದವನಲ್ಲ. ನಿಜ ಹೇಳಬೇಕೆಂದರೆ ಯಾವ ಡಿಗ್ರಿಯನ್ನೂ ಓದಿ ಪಡೆದವನಲ್ಲ. ಮೂವತ್ತೈದು ವರ್ಷ ಆಗುವ ತನಕ ಸರಿಯಾದ ಒಂದು ಕೆಲಸವೂ ಅವನಿಗೆ ಗಿಟ್ಟಿರಲಿಲ್ಲ. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಮುಖ ಸಣ್ಣ ಮಾಡಿಕೊಂಡು ಓಡಾಡುತ್ತಿರುವ ಫೈನಲ್ ಇಯರ್ ಗೆಳೆಯರು ದಯವಿಟ್ಟು ಇದನ್ನು ಪೂರ್ತಿ ಓದಿ.

ಹೆಸರು ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಗೊತ್ತಲ್ಲ, ಹಾಲಿವುಡ್ ಸಿನಿಮಾಗಳಲ್ಲಿ ನಾಯಕ-ನಾಯಕಿ ನಡೆದಾಡುವ ಜಾಗ, ಅದರ ನಕ್ಷೆ ಹಾಕಿದ ಇಬ್ಬರಲ್ಲಿ ಒಬ್ಬ. ಆದರೆ ನಮಗೆ, ಅದರಲ್ಲೂ ನಮ್ಮಲ್ಲಿರುವ ಸಿವಿಲ್ ಬ್ರಾಂಚಿನವರಿಗೆ, ಅವನ ಇನ್ನೊಂದು ಕೆಲಸ ಹೆಚ್ಚು ಇಷ್ಟವಾಯ್ತು. ಬಾಸ್ಟನ್ ನಗರದ ಒಂದು ಮೂಲೆಯಲ್ಲಿ ಯಾರಿಗೂ ಬೇಡವಾಗಿ, ಮಳೆ ಬಂದರೆ ಮುಳುಗಿ, ಬಿಸಿಲು ಬಂದರೆ ನಾರುತ್ತಿದ್ದ ಜಾಗವೊಂದಿತ್ತು. ಅದನ್ನು ಆತ ಏನು ಮಾಡಿದ ಅನ್ನೋದೇ ಈ ಲೇಖನದ ಮುಖ್ಯ ವಿಷಯ. ಅಲ್ಲಿಗೆ ಬರೋಕೆ ಸ್ವಲ್ಪ ಸುತ್ತಬೇಕು. ಆತನೇ ಐವತ್ತೈದು ವರ್ಷ ಸುತ್ತಿ ಅಲ್ಲಿಗೆ ಬಂದವನು.

ಹುಟ್ಟಿದ್ದು 1822ರ ಏಪ್ರಿಲ್ 26ರಂದು, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ. ಅಪ್ಪ ಬಟ್ಟೆ ವ್ಯಾಪಾರಿ, ಅನುಕೂಲಸ್ಥ. ಅಮ್ಮ ತೀರಿಕೊಂಡಾಗ ಮಗು ಇನ್ನೂ ಚಿಕ್ಕದು. ಅಪ್ಪನಿಗೆ ಒಂದು ಹುಚ್ಚು: ಕುದುರೆಗಾಡಿ ಕಟ್ಟಿಕೊಂಡು ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು, ಕಾರಣವೇ ಇಲ್ಲದೆ, ಬೆಟ್ಟ ಹೊಳೆ ನೋಡಲು ದಿನಗಟ್ಟಲೆ ತಿರುಗೋದು. ಹುಡುಗ ಕಲಿತ ಮೊದಲ ಪಾಠ ಅದೇ ಇರಬೇಕು. ಹದಿನೈದರ ಹೊತ್ತಿಗೆ ಒಂದು ವಿಷದ ಗಿಡ ತಾಕಿ ಕಣ್ಣಿಗೆ ಪೆಟ್ಟಾಯಿತು, ಯೇಲ್ ಕಾಲೇಜಿಗೆ ಸೇರುವ ಯೋಚನೆ ಅಲ್ಲಿಗೆ ನಿಂತಿತು. ಸ್ವಲ್ಪ ಕಾಲ ಒಬ್ಬ ಸರ್ವೇಯರ್ ಹತ್ತಿರ ಕೆಲಸ ಕಲಿಯಲು ಹೋದ. ಆಮೇಲೆ ನ್ಯೂಯಾರ್ಕಿನ ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಬೇಜಾರಾಯ್ತು. 1843ರಲ್ಲಿ ಚೀನಾಕ್ಕೆ ಹೊರಟ ಹಡಗಿನಲ್ಲಿ ಆಳಾಗಿ ಸೇರಿಕೊಂಡ, ವರ್ಷ ಕಳೆದು ಸ್ಕರ್ವಿ ರೋಗ ಹತ್ತಿಸಿಕೊಂಡು ಎಲುಬು ಚಕ್ಕಳವಾಗಿ ವಾಪಸ್ ಬಂದ. ಮುಂದೆ ಬೇಸಾಯ ಮಾಡ್ತೀನಿ ಅಂದ. ಅಪ್ಪ ಪಾಪ ಜಮೀನು ಕೊಡಿಸಿದರು, 1848ರಲ್ಲಿ ಸ್ಟೇಟನ್ ಐಲೆಂಡಿನಲ್ಲಿ.

ಬೇಸಾಯದಿಂದ ದುಡ್ಡೇನೂ ಆಗಲಿಲ್ಲ. ಆದರೆ ಜವುಗು ಹಿಡಿದ ಹೊಲದಿಂದ ನೀರು ಬಸಿಯೋದು ಹೇಗೆ, ನೆಲದಡಿ ಕೊಳವೆ ಎಲ್ಲಿ ಹಾಕಬೇಕು, ಯಾವ ಗಿಡ ಎಷ್ಟು ತೇವ ತಡೆದುಕೊಳ್ಳುತ್ತೆ, ಇವೆಲ್ಲ ಕೈಗೆ ಬಂತು. ನಮ್ಮ ಪ್ರಕಾರ ಅವನ ಎಂಜಿನಿಯರಿಂಗ್ ಕಾಲೇಜು ಇದೇ.

1850ರಲ್ಲಿ ತಮ್ಮನ ಜೊತೆ ಇಂಗ್ಲೆಂಡಿನಲ್ಲಿ ಕಾಲ್ನಡಿಗೆ ಪ್ರವಾಸ ಹೋದ. ಲಿವರ್‌ಪೂಲ್ ಎದುರಿನ ಬರ್ಕನ್‌ಹೆಡ್ ಅನ್ನೋ ಊರಲ್ಲಿ ಹೊಸದಾಗಿ ಒಂದು ಪಾರ್ಕ್ ಆಗಿತ್ತು, ಜೋಸೆಫ್ ಪ್ಯಾಕ್ಸ್‌ಟನ್ ಮಾಡಿದ್ದು. ಅದೂ ಮೊದಲು ಜೌಗು ನೆಲವೇ. ನೀರನ್ನು ಕೆರೆಗಳಿಗೆ ಬಸಿದು, ತೋಡಿದ ಮಣ್ಣನ್ನೇ ದಿಬ್ಬ ಮಾಡಿ ಕಟ್ಟಿದ್ದು. ಅದಕ್ಕಿಂತ ಆತನಿಗೆ ಆಶ್ಚರ್ಯ ತಂದದ್ದು, ಅಲ್ಲಿಗೆ ಟಿಕೆಟ್ ಇಲ್ಲ, ದೊರೆ ಯಾರು ಕೂಲಿ ಯಾರು ಅಂತ ಕೇಳೋರಿಲ್ಲ, ಎಲ್ಲರೂ ಬಂದು ಓಡಾಡ್ತಿದ್ದರು. ವಾಪಸ್ ಬಂದು ಆ ಪ್ರವಾಸದ ಬಗ್ಗೆ ಪುಸ್ತಕ ಬರೆದ. ನಂತರ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕಾಗಿ ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳನ್ನೆಲ್ಲ ಸುತ್ತಿ ವರದಿ ಮಾಡಿದ. ಆಮೇಲೆ ಪ್ರಕಾಶನ ಸಂಸ್ಥೆಯಲ್ಲಿ ಪಾಲುದಾರನಾದ, 1857ರಲ್ಲಿ ಅದು ಮುಳುಗಿತು. ಕೈಯಲ್ಲಿ ಸಾಲ ಬಿಟ್ಟು ಬೇರೇನಿಲ್ಲ.

ಅದೇ ವರ್ಷ ಸೆಂಟ್ರಲ್ ಪಾರ್ಕ್ ಜಾಗಕ್ಕೆ ಒಬ್ಬ ಸೂಪರಿಂಟೆಂಡೆಂಟ್ ಬೇಕಿದ್ದರು. ನಕ್ಷೆ ಹಾಕುವ ಕೆಲಸ ಅಲ್ಲ ಅದು, ಕೂಲಿಗಳ ಮೇಲೆ ಕಣ್ಣಿಡುವ ಮೇಸ್ತ್ರಿ ಕೆಲಸ. ಸಿಕ್ಕಿದ್ದೇ ಸಾಕು ಅಂತ ಸೇರಿಕೊಂಡ. ಮರುವರ್ಷ ಪಾರ್ಕಿನ ವಿನ್ಯಾಸಕ್ಕೆ ಸ್ಪರ್ಧೆ ಇಟ್ಟರು. ಕ್ಯಾಲ್ವರ್ಟ್ ವಾಕ್ಸ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ ಇವನನ್ನು ಜೊತೆಗೆ ಕರೆದುಕೊಂಡ. ಇಬ್ಬರೂ ಸೇರಿ ಹಾಕಿದ ನಕ್ಷೆ ಗೆದ್ದಿತು. ನಗರದ ಗಾಡಿಗಳು ಅಡ್ಡ ಹಾಯುವ ರಸ್ತೆಗಳನ್ನು ನೆಲಮಟ್ಟದಿಂದ ಕೆಳಗೆ ಇಳಿಸಿದ್ದು ಆ ನಕ್ಷೆಯ ಜಾಣತನ. ಇವತ್ತಿನ ಅಂಡರ್‌ಪಾಸ್‌ನ ಅಜ್ಜ ಅನ್ನಿ. ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ಜಾಗ ಖಾಲಿ ಇರಲಿಲ್ಲ. ಸೆನೆಕಾ ವಿಲೇಜ್ ಅಂತ, ಹೆಚ್ಚಾಗಿ ಕಪ್ಪು ಜನ ಸ್ವಂತ ಮನೆ, ಚರ್ಚು ಕಟ್ಟಿಕೊಂಡಿದ್ದ ಊರೊಂದನ್ನು ಎಬ್ಬಿಸಿ ನಗರ ಆ ಜಾಗ ತೆಗೆದುಕೊಂಡಿತ್ತು. ಓಲ್ಮ್‌ಸ್ಟೆಡ್ ಎಬ್ಬಿಸಿದವನಲ್ಲ ನಿಜ, ಆದರೆ ಅವನ ಹುಲ್ಲುಹಾಸು ಬೆಳೆದದ್ದು ಅದೇ ನೆಲದಲ್ಲಿ.

ಮನೆಯ ಕಡೆ ಏಟಿನ ಮೇಲೆ ಏಟು. ತಮ್ಮ ಜಾನ್ 1857ರ ಕೊನೆಯಲ್ಲಿ ಕ್ಷಯದಿಂದ ತೀರಿಕೊಂಡ. 1859ರಲ್ಲಿ ತಮ್ಮನ ಹೆಂಡತಿ ಮೇರಿಯನ್ನು ಮದುವೆಯಾಗಿ ಮೂವರು ಮಕ್ಕಳನ್ನು ತನ್ನ ಮಕ್ಕಳಂತೆ ಸಾಕಿದ. ಮರುವರ್ಷ ಗಾಡಿ ಅಪಘಾತದಲ್ಲಿ ತೊಡೆಯ ಮೂಳೆ ಚೂರಾಯಿತು, ಒಂದು ಕಾಲು ಗಿಡ್ಡವಾಗಿ ಸಾಯುವ ತನಕ ಕುಂಟಿದ. ಅದಾದ ಕೆಲವೇ ದಿನಗಳಲ್ಲಿ ಎಳೆ ಮಗು ತೀರಿಕೊಂಡಿತು. ಆ ಸ್ಥಿತಿಯಲ್ಲೂ ಡೋಲಿಯಲ್ಲಿ ಹೊತ್ತುಕೊಂಡು ಹೋಗಿಸಿಕೊಂಡು ಪಾರ್ಕಿನ ಕೆಲಸ ನೋಡಿದನಂತೆ. ಅಂತರ್ಯುದ್ಧ ಶುರುವಾದಾಗ ಗಾಯಾಳು ಸೈನಿಕರ ಆರೈಕೆ ನೋಡುವ ಸ್ಯಾನಿಟರಿ ಕಮಿಷನ್ನಿನ ಕಾರ್ಯದರ್ಶಿಯಾದ. ಕೊಳಕು ನೀರು, ಕಿತ್ತುಹೋದ ಚರಂಡಿ ಮನುಷ್ಯನನ್ನು ಗುಂಡಿಗಿಂತ ಬೇಗ ಕೊಲ್ಲುತ್ತೆ ಅನ್ನೋದನ್ನು ಆ ಕ್ಯಾಂಪುಗಳಲ್ಲಿ ಕಣ್ಣಾರೆ ಕಂಡ. ನಂತರ ಕ್ಯಾಲಿಫೋರ್ನಿಯಾದ ಚಿನ್ನದ ಗಣಿಯೊಂದರ ಮ್ಯಾನೇಜರ್ ಆದ. ಅದೂ ಮುಳುಗಿತು. ಮತ್ತೆ ನ್ಯೂಯಾರ್ಕ್, ಮತ್ತೆ ವಾಕ್ಸ್, ಮತ್ತೆ ಪಾರ್ಕುಗಳು.

ಈಗ ಬಾಸ್ಟನ್ನಿಗೆ ಬರೋಣ.

ಹಳೆಯ ಬಾಸ್ಟನ್ ಮೂರು ಕಡೆ ನೀರಿರುವ ಸಣ್ಣ ಭೂಚಾಚು. ಪಶ್ಚಿಮಕ್ಕೆ ಚಾರ್ಲ್ಸ್ ನದಿ ಸಮುದ್ರ ಸೇರುವ ಕಡೆ ಆಳವಿಲ್ಲದ ಹಿನ್ನೀರು, ಹೆಸರು ಬ್ಯಾಕ್ ಬೇ. ಉಬ್ಬರದಲ್ಲಿ ತುಂಬೋದು, ಇಳಿತದಲ್ಲಿ ಕೆಸರು ಕಾಣೋದು. ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ಮೂರು ಮೀಟರಿನಷ್ಟು ವ್ಯತ್ಯಾಸ. ಇಷ್ಟು ಹೆಡ್ ಸುಮ್ಮನೆ ವೇಸ್ಟ್ ಆಗ್ತಿದೆಯಲ್ಲ ಅಂತ ಯಾರಿಗೋ ಹೊಳೆಯಿತು. 1821ರ ಹೊತ್ತಿಗೆ ಕೊಲ್ಲಿಗೆ ಅಡ್ಡ ಉದ್ದನೆಯ ಏರಿ ಕಟ್ಟಿದರು. ಉಬ್ಬರದ ನೀರನ್ನು ಒಂದು ಕಡೆ ಹಿಡಿದು, ಖಾಲಿ ಇರುವ ಇನ್ನೊಂದು ಕಡೆಗೆ ಬಿಟ್ಟು, ನಡುವೆ ಗಿರಣಿ ಚಕ್ರ ತಿರುಗಿಸುವ ಯೋಜನೆ. ಟೈಡಲ್ ಪವರ್! ಐಡಿಯಾ ಚೆನ್ನಾಗಿತ್ತು. ಆದರೆ ಅಂದುಕೊಂಡಷ್ಟು ಗಿರಣಿಗಳು ಬರಲಿಲ್ಲ, ಉಗಿಯಂತ್ರ ಬಂತು. 1830ರ ದಶಕದಲ್ಲಿ ರೈಲುದಾರಿಯ ಒಡ್ಡುಗಳು ಕೊಲ್ಲಿಯನ್ನು ಅಡ್ಡಡ್ಡ ಸೀಳಿದ್ದರಿಂದ ನೀರು ಸರಿಯಾಗಿ ಆಡುವುದೂ ನಿಂತಿತು. ಊರಿನ ಚರಂಡಿಗಳು ಮಾತ್ರ ಅಲ್ಲಿಗೇ ಬಂದು ಬೀಳುತ್ತಿದ್ದವು. ಬೇಸಿಗೆಯಲ್ಲಿ ಆ ನಾತ ಊಹಿಸಿಕೊಳ್ಳಿ.

ನಗರ ಕಂಡುಕೊಂಡ ಪರಿಹಾರ ನಮಗೆಲ್ಲ ಪರಿಚಯದ್ದೇ: ಮಣ್ಣು ತುಂಬು, ಸೈಟ್ ಮಾಡು, ಮಾರು. 1850ರ ದಶಕದ ಕೊನೆಯಿಂದ ನೀಡಮ್ ಎಂಬ ಊರಿಂದ ಹಗಲೂ ರಾತ್ರಿ ರೈಲಿನಲ್ಲಿ ಗ್ರಾವೆಲ್ ತಂದು ಸುರಿದರು. ಅಂಥ ತುಂಬಿದ ನೆಲದ ಮೇಲೇ ಎಂಐಟಿಯ ಮೊದಲ ಕಟ್ಟಡ ಎದ್ದದ್ದು. 1916ರಲ್ಲಿ ನದಿ ದಾಟಿ ಕೇಂಬ್ರಿಡ್ಜಿಗೆ ಹೋಗುವ ತನಕ ಎಂಐಟಿ ಇದ್ದದ್ದು ಬ್ಯಾಕ್ ಬೇಯಲ್ಲೇ.

ತುಂಬುತ್ತ ತುಂಬುತ್ತ ಕೊನೆಗೆ ಒಂದು ಮೂಲೆ ಉಳಿಯಿತು, ಸುಮಾರು 100 ಎಕರೆ. ಅಲ್ಲಿ ಎರಡು ಹಳ್ಳ ಬಂದು ಸೇರುತ್ತಿದ್ದವು. ಒಂದು ಸ್ಟೋನಿ ಬ್ರೂಕ್, ಇನ್ನೊಂದು ಮಡ್ಡಿ ರಿವರ್. (ಹೆಸರು ಇಂಗ್ಲಿಷಿನದ್ದಾದರೂ ನಮ್ಮ ಕನ್ನಡದ ಮಡ್ಡಿಯೇ ನೆನಪಾಗುತ್ತೆ, ಇದ್ದದ್ದೂ ಹಾಗೇ.) ಸಮಸ್ಯೆ ಏನಂದ್ರೆ, ಜೋರು ಮಳೆ ಬಂದು ಹಳ್ಳ ತುಂಬಿದ ಹೊತ್ತಿಗೇ ಸಮುದ್ರದಲ್ಲಿ ಉಬ್ಬರವಿದ್ದರೆ ನೀರು ಚಾರ್ಲ್ಸ್ ನದಿಗೆ ಇಳಿಯೋಕೆ ಆಗಲ್ಲ. ಹೊರಗಿನ ಮಟ್ಟವೇ ಮೇಲಿರುತ್ತೆ. ಇಳಿತ ಬರುವ ತನಕ ಗಂಟೆಗಟ್ಟಲೆ ಅದು ಎಲ್ಲಾದರೂ ನಿಂತಿರಬೇಕು. ಮೊದಲು ಅಷ್ಟಗಲ ಕೊಲ್ಲಿ ಇತ್ತು, ನಿಲ್ಲುತ್ತಿತ್ತು. ಕೊಲ್ಲಿಯನ್ನೆಲ್ಲ ಸೈಟ್ ಮಾಡಿದ ಮೇಲೆ ಎಲ್ಲಿ ನಿಲ್ಲಬೇಕು? ಮೇಲಿನ ಬಡಾವಣೆಗಳ ನೆಲಮಾಳಿಗೆಗಳಲ್ಲಿ.

ಆ ಜಾಗವನ್ನು ನಗರ ಪಾರ್ಕಿಗೆಂದು ಕೊಂಡುಕೊಂಡಿತು. 1878ರಲ್ಲಿ ಸ್ಪರ್ಧೆ ಕರೆದರು. ಓಲ್ಮ್‌ಸ್ಟೆಡ್‌ನನ್ನು ತೀರ್ಪುಗಾರನಾಗಿ ಬಾ ಅಂದರು, ಆತ ಒಲ್ಲೆ ಅಂದ. ಬಹುಮಾನದ 500 ಡಾಲರ್ ಒಬ್ಬ ಹೂವಿನ ವ್ಯಾಪಾರಿಗೆ ಹೋಯಿತು. ಅವನ ನಕ್ಷೆಯಲ್ಲಿ ಅಲಂಕಾರಕ್ಕೆ ಕೊರತೆಯಿರಲಿಲ್ಲ, ನೀರು ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ಉತ್ತರವಿರಲಿಲ್ಲ. ಕಮಿಷನರ್‌ಗಳು ಬಹುಮಾನ ಕೊಟ್ಟು, ನಕ್ಷೆ ಪಕ್ಕಕ್ಕಿಟ್ಟು, ಓಲ್ಮ್‌ಸ್ಟೆಡ್‌ನನ್ನೇ ಕರೆಸಿಕೊಂಡರು. (ಕಾಲೇಜು ಫೆಸ್ಟ್‌ಗಳಲ್ಲಿ ಮಾಡೆಲ್ ಎಕ್ಸಿಬಿಷನ್ ಜಡ್ಜ್ ಮಾಡುವವರು ಇದನ್ನು ಗಮನಿಸಬೇಕು.)

ಇತ್ತ ಸಿಟಿ ಎಂಜಿನಿಯರ್ ಜೋಸೆಫ್ ಡೇವಿಸ್ ತಲೆಯಲ್ಲಿ ಇದ್ದದ್ದು ಕಲ್ಲು ಕಟ್ಟಡದ ದಂಡೆಯಿರುವ ಒಂದು ದೊಡ್ಡ ತೊಟ್ಟಿ. ಲೆಕ್ಕಕ್ಕೆ ಅದು ಸರಿ, ನೋಡೋಕೆ ಅದೊಂದು ಗುಂಡಿ. ಒಬ್ಬರಿಗೆ ತೋಟ ಬೇಕು, ಇನ್ನೊಬ್ಬರಿಗೆ ತೊಟ್ಟಿ ಬೇಕು. ಓಲ್ಮ್‌ಸ್ಟೆಡ್ ಮತ್ತು ಡೇವಿಸ್ ಜೊತೆಯಾಗಿ ಕೂತು ಎರಡನ್ನೂ ಒಂದೇ ಮಾಡಿದರು.

ಹೇಗೆ ಅಂದ್ರೆ, ಮೊದಲು ಕೊಳಚೆ ಬೇರೆ, ಮಳೆನೀರು ಬೇರೆ. ಆಗಲೇ ನಗರ ಕಟ್ಟಿಸುತ್ತಿದ್ದ ಇಂಟರ್‌ಸೆಪ್ಟಿಂಗ್ ಸೀವರ್ ಚರಂಡಿ ನೀರನ್ನು ಅಡ್ಡಗಟ್ಟಿ ದೂರ ಸಾಗಿಸಬೇಕು. ಎರಡು ಹಳ್ಳಗಳ ದಿನನಿತ್ಯದ ಹರಿವು ಮುಚ್ಚಿದ ಮೋರಿಯಲ್ಲಿ ನೇರ ಚಾರ್ಲ್ಸ್ ನದಿಗೆ ಹೋಗಬೇಕು. ಪ್ರವಾಹ ಬಂದಾಗ ಮಾತ್ರ ಹೆಚ್ಚಾದದ್ದು ಕೋಡಿ ಬಿದ್ದು ಈ ಜಾಗಕ್ಕೆ ಬರಬೇಕು. ಒಳಗೆ ಸುಮಾರು 30 ಎಕರೆ ನೀರು, ಅಂಕುಡೊಂಕಾದ ಹಳ್ಳದ ಥರ. ನದಿಯ ಬಾಯಲ್ಲಿ ತೂಬು. ಉಪ್ಪು ನೀರನ್ನು ಬೇಕಾದಷ್ಟೇ ಒಳಗೆ ಬಿಟ್ಟು, ಮಾಮೂಲಿ ದಿನಗಳಲ್ಲಿ ಮಟ್ಟ ಒಂದು ಅಡಿಗಿಂತ ಹೆಚ್ಚು ಏರಿಳಿಯದಂತೆ ನೋಡಿಕೊಳ್ಳೋದು. ಪ್ರವಾಹದ ದಿನ ತೂಬು ಮುಚ್ಚಿದರೆ ನೀರು ಏರಿ ಸುತ್ತಲಿನ ಇನ್ನೂ 20 ಎಕರೆ ಜೌಗಿನ ಮೇಲೆ ಹರಡಿ ಕಾಯುತ್ತೆ. ಇಳಿತ ಬಂದಾಗ ತೂಬು ತೆಗಿ, ಖಾಲಿ.

ನಾವು ಹೈಡ್ರಾಲಜಿಯಲ್ಲಿ ಡಿಟೆನ್ಷನ್ ಬೇಸಿನ್ ಅಂತ ಐದು ಮಾರ್ಕಿಗೆ ಓದಿದ್ದು ಇದನ್ನೇ. ಆದರೆ ನಮ್ಮ ಟೆಕ್ಸ್ಟ್‌ಬುಕ್ಕಿನ ಬೇಸಿನ್ನಿಗೆ ಇರುವ ನಾಲ್ಕು ನೇರ ಗೆರೆ ಇದಕ್ಕಿಲ್ಲ. ಅದರಲ್ಲೂ ಒಂದು ಲೆಕ್ಕಾಚಾರವಿದೆ, ನಮಗೆ ತುಂಬಾ ಹಿಡಿಸಿತು. ನೀರು ಅಗಲವಾಗಿ, ನೇರವಾಗಿ ಹರಡಿಕೊಂಡಿದ್ದರೆ ಗಾಳಿಗೆ ಅಲೆ ಏಳುತ್ತೆ, ಅಲೆ ದಂಡೆ ಕೊರೆಯುತ್ತೆ, ದಂಡೆಗೆ ಕಲ್ಲು ಕಟ್ಟಬೇಕಾಗುತ್ತೆ. ನೀರನ್ನು ಸುತ್ತಿಸಿ ಬಳಸಿ ಕಿರಿದು ಮಾಡಿದರೆ ಗಾಳಿಗೆ ಓಡೋಕೆ ಜಾಗವೇ ಸಿಗಲ್ಲ. ದಂಡೆಗೆ ಹುಲ್ಲು ಸಾಕು. ಅಂದರೆ ಆ ಸೊಟ್ಟ ಸೊಟ್ಟ ಗೆರೆ ಚೆಂದಕ್ಕೆ ಮಾತ್ರ ಹಾಕಿದ್ದಲ್ಲ, ಕಲ್ಲಿನ ಖರ್ಚು ಉಳಿಸೋಕೆ ಹಾಕಿದ್ದು ಕೂಡ.

ಇನ್ನು ಗಿಡ. ಒಮ್ಮೆ ಉಪ್ಪು ನೀರು, ಒಮ್ಮೆ ಸಿಹಿ ನೀರು, ಒಮ್ಮೆ ಮುಳುಗು, ಒಮ್ಮೆ ಬಿಸಿಲು. ಗುಲಾಬಿ ನೆಟ್ಟರೆ ಬದುಕುತ್ತಾ? ಅದಕ್ಕೇ ಆತ ಆ ಜಾಗ ಮೊದಲು ಏನಾಗಿತ್ತೋ ಅದನ್ನೇ ಮತ್ತೆ ಮಾಡಲು ಹೊರಟ: ಕರಾವಳಿಯ ಉಪ್ಪು ಜೌಗು, ಅದರ ಹುಲ್ಲು, ಅದರ ಪೊದೆ. ಹೀಗೆ ಬೇಕೆಂದೇ ಕೈಯಾರೆ ಉಪ್ಪು ಜೌಗು ನಿರ್ಮಿಸುವುದು ಆಗ ಹೊಸ ಸಾಹಸ. ಸುಲಭವೇನೂ ಆಗಲಿಲ್ಲ, ಮೊದಲ ಸುತ್ತಿನಲ್ಲಿ ನೆಟ್ಟದ್ದು ಬಹಳಷ್ಟು ಸತ್ತಿತು, ಮತ್ತೆ ನೆಟ್ಟರು. ಅದನ್ನು ಪಾರ್ಕ್ ಅಂತ ಕರೆಯೋಕೂ ಆತನಿಗೆ ಇಷ್ಟವಿರಲಿಲ್ಲ. ಮೂಲ ಉದ್ದೇಶ ನೀರಿನ ಕೆಲಸ, ಉಳಿದದ್ದು ಮೇಲಿನ ಲಾಭ ಅನ್ನೋದು ಅವನ ನಿಲುವು. ಹಾಗಾಗಿ ಜೌಗು ಅನ್ನೋ ಅರ್ಥದ ಫೆನ್ಸ್ ಎಂಬ ಹೆಸರು ನಿಂತಿತು, ಬ್ಯಾಕ್ ಬೇ ಫೆನ್ಸ್. ಬೇಸ್‌ಬಾಲ್ ನೋಡುವವರಿಗೆ ಫೆನ್‌ವೇ ಪಾರ್ಕ್ ಸ್ಟೇಡಿಯಂ ಗೊತ್ತಿರುತ್ತೆ. ಅದರ ಹೆಸರಿನ ಬೇರು ಇದೇ ಜೌಗು.

ಫೆನ್ಸ್‌ನಿಂದ ಮೇಲಕ್ಕೆ ಮಡ್ಡಿ ರಿವರ್ ದಂಡೆ, ಅಲ್ಲಿಂದ ಜಮೈಕಾ ಪಾಂಡ್, ಅರ್ಬೊರೇಟಂ, ಫ್ರಾಂಕ್ಲಿನ್ ಪಾರ್ಕ್, ಹೀಗೆ ಒಂದಕ್ಕೊಂದು ಪೋಣಿಸಿ ಮುಂದಿನ ವರ್ಷಗಳಲ್ಲಿ ಆತ ಕಟ್ಟಿದ ಸರಕ್ಕೆ ಜನ ಎಮರಾಲ್ಡ್ ನೆಕ್ಲೆಸ್ ಅಂತಾರೆ, ಪಚ್ಚೆಯ ಹಾರ. 1883ರಲ್ಲಿ ಮನೆಯನ್ನೂ ನ್ಯೂಯಾರ್ಕಿನಿಂದ ಪಕ್ಕದ ಬ್ರೂಕ್‌ಲೈನ್‌ಗೇ ಸಾಗಿಸಿದ.

ಷಿಕಾಗೋ ಕೆಲಸವನ್ನು ಹೇಳದೆ ಬಿಟ್ಟರೆ ನಮ್ಮ ಓದುಗರು ಬಿಡಲ್ಲ. 1893, ಷಿಕಾಗೋ ಅಂದ ತಕ್ಷಣ ನಮಗೆಲ್ಲ ವಿವೇಕಾನಂದರು ನೆನಪಾಗ್ತಾರೆ. ಸರ್ವಧರ್ಮ ಸಮ್ಮೇಳನ ನಡೆದದ್ದು ನಗರದ ನಡುವಿನ ಕಟ್ಟಡದಲ್ಲಿ. ಅದು ಯಾವ ವಿಶ್ವಮೇಳದ ಅಂಗವಾಗಿತ್ತೋ ಆ ಮೇಳ ನಡೆದದ್ದು ದಕ್ಷಿಣಕ್ಕೆ, ಮಿಷಿಗನ್ ಸರೋವರದ ದಂಡೆಯ ಜಾಕ್ಸನ್ ಪಾರ್ಕಿನಲ್ಲಿ. ಅದರ ಕಥೆಯೂ ಇಂಥದ್ದೇ. 1871ರಲ್ಲೇ ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಅದಕ್ಕೆ ನಕ್ಷೆ ಕೊಟ್ಟಿದ್ದರು. ಅದೇ ವರ್ಷ ಷಿಕಾಗೋ ಸುಟ್ಟು ಬೂದಿಯಾಯಿತು, ಪಾರ್ಕಿಗೆ ದುಡ್ಡೆಲ್ಲಿ? ಸರೋವರದ ಕಡೆಯ ಭಾಗ ಸುಮಾರು ಇಪ್ಪತ್ತು ವರ್ಷ ಮರಳು ದಿಬ್ಬ, ನಡುನಡುವೆ ನಿಂತ ನೀರು, ಅಷ್ಟೇ ಆಗಿ ಬಿದ್ದಿತ್ತು. ಮೇಳಕ್ಕೆ ಜಾಗ ಹುಡುಕುವಾಗ ಬೇರೆಯವರಿಗೆ ಬೇಡವಾದ ಆ ಜಾಗವನ್ನೇ ಆತ ಆರಿಸಿದ. ಹೂಳೆತ್ತಿ ಕೊಳಗಳನ್ನು ಮಾಡು, ಎತ್ತಿದ್ದನ್ನು ಪಕ್ಕಕ್ಕೆ ಹಾಕಿ ಕಟ್ಟಡಗಳಿಗೆ ಜಗಲಿ ಮಾಡು, ನಡುವೆ ಮರಗಳ ಒಂದು ದ್ವೀಪ ಬಿಡು. ಬರ್ಕನ್‌ಹೆಡ್ ಪಾಠವೇ. ಸರೋವರದ ಮಟ್ಟ ಏರಿಳಿದರೂ ಸಾಯದಂಥ ನೀರಂಚಿನ ಗಿಡಗಳನ್ನು ನೆಡಿಸಿದ. ದ್ವೀಪದ ಮೇಲೆ ಏನೂ ಕಟ್ಟಬೇಡಿ ಅಂತ ಹಟ ಹಿಡಿದ, ಪೂರ್ತಿ ನಡೆಯಲಿಲ್ಲ, ಜಪಾನಿನ ಮಂಟಪ ಬಂದೇ ಬಂತು. ಆರು ತಿಂಗಳಲ್ಲಿ 2.7 ಕೋಟಿ ಟಿಕೆಟ್ ಲೆಕ್ಕ. ಮೇಳ ಮುಗಿದ ಮೇಲೆ ಕಟ್ಟಡಗಳು ಹೋದವು, ಬಹಳಷ್ಟು ಬೆಂಕಿಗೆ. ನೀರು, ದ್ವೀಪ ಉಳಿದವು, ಈಗಲೂ ಇವೆ.

ಅಷ್ಟರಲ್ಲಿ ಆತ ಎಪ್ಪತ್ತು ದಾಟಿದ್ದ. ಆ ವರ್ಷವೇ ಹಾರ್ವರ್ಡ್ ಮತ್ತು ಯೇಲ್ ಎರಡೂ ಕರೆದು ಗೌರವ ಪದವಿ ಕೊಟ್ಟವು. ಕಣ್ಣಿನ ದೆಸೆಯಿಂದ ಸೇರಲಾಗದ ಅದೇ ಯೇಲ್. ಆದರೆ ನೆನಪು ಜಾರತೊಡಗಿತ್ತು. 1895ರಲ್ಲಿ ತನಗೇ ಅದು ಗೊತ್ತಾಗಿ ಕೆಲಸವನ್ನು ಮಕ್ಕಳ ಕೈಗೆ ಬಿಟ್ಟ. 1898ರಲ್ಲಿ ಬಾಸ್ಟನ್ ಹತ್ತಿರದ ಮ್ಯಾಕ್ಲೀನ್ ಎಂಬ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಆ ಆಸ್ಪತ್ರೆಯ ಜಾಗದ ಬಗ್ಗೆ ಹಿಂದೊಮ್ಮೆ ಸಲಹೆ ಕೊಟ್ಟಿದ್ದವನು ಆತನೇ. ಐದು ವರ್ಷ ಅಲ್ಲಿದ್ದು 1903ರ ಆಗಸ್ಟ್ 28ರಂದು ತೀರಿಕೊಂಡ.

ಫೆನ್ಸ್ ಏನಾಯಿತು? ಏಳೇ ವರ್ಷದಲ್ಲಿ, 1910ರಲ್ಲಿ, ಚಾರ್ಲ್ಸ್ ನದಿಯ ಬಾಯಿಗೆ ಅಣೆಕಟ್ಟು ಬಂತು. ಉಬ್ಬರವಿಳಿತ ಒಳಗೆ ಬರುವುದೇ ನಿಂತಿತು, ನೀರು ಸಿಹಿಯಾಯಿತು, ಅಷ್ಟು ಕಷ್ಟಪಟ್ಟು ಬೆಳೆಸಿದ ಉಪ್ಪು ಜೌಗು ಸತ್ತಿತು. ಸ್ಟೋನಿ ಬ್ರೂಕಿನ ಕೊಳಚೆಯೂ ಅಂದುಕೊಂಡಂತೆ ಪೂರ್ತಿ ನಿಂತಿರಲಿಲ್ಲ. ಜೌಗಿನ ಮೇಲೆ ಮಣ್ಣು ತುಂಬಿ ಆಟದ ಬಯಲು ಮಾಡಿದರು. 1931ರಲ್ಲಿ ಗುಲಾಬಿ ತೋಟವೂ ಬಂತು. ಎರಡನೇ ಮಹಾಯುದ್ಧದ ಹೊತ್ತಿಗೆ ಜನ ಅಲ್ಲಿ ತರಕಾರಿ ಬೆಳೆದರು, ಆ ಮಡಿಗಳು ಇವತ್ತಿಗೂ ನಡೆಯುತ್ತಿವೆ. 1950ರ ದಶಕದಲ್ಲಿ ಮಡ್ಡಿ ರಿವರ್‌ನ ಒಂದು ತುಂಡನ್ನು ಪೈಪಿನೊಳಗೆ ತೂರಿಸಿ ಮೇಲೆ ಒಂದು ದೊಡ್ಡ ಅಂಗಡಿಗೆ ಪಾರ್ಕಿಂಗ್ ಲಾಟ್ ಮಾಡಿದರು. ಉಳಿದ ಕಡೆ ಹೂಳು, ಆಳೆತ್ತರದ ಜೊಂಡು.

1996ರ ಅಕ್ಟೋಬರಿನಲ್ಲಿ ಬಿದ್ದ ಮಳೆಗೆ ಮಡ್ಡಿ ರಿವರ್ ಉಕ್ಕಿತು. ಪೈಪಿನಲ್ಲಿ ಹಿಡಿಸದ ನೀರು ಬೀದಿಗೆ ಬಂದು, ಕೆನ್ಮೋರ್ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದು, ಸುರಂಗ ತುಂಬಿತು. ಆಮೇಲೆ ವರ್ಷಗಟ್ಟಲೆ ಮೀಟಿಂಗು, ವರದಿ, ದುಡ್ಡಿನ ಜಗ್ಗಾಟ. ಕೊನೆಗೆ ಅಮೆರಿಕದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ಬಂದು ಪಾರ್ಕಿಂಗ್ ಲಾಟ್ ಅಗೆದು, ಪೈಪ್ ಕಿತ್ತು, ಹಳ್ಳವನ್ನು ಮತ್ತೆ ಬಯಲಿಗೆ ತಂದರು. ಮೊದಲ ಹಂತ 2016ರಲ್ಲಿ ಮುಗಿಯಿತು. ಕಾರು ನಿಲ್ಲುತ್ತಿದ್ದ ಕಡೆ ಈಗ ಬಾಗಿ ಬಳುಕಿ ನೀರು ಹರಿಯುತ್ತೆ, ದಂಡೆಗೆ ಕಲ್ಲಿಲ್ಲ, ಹುಲ್ಲಿದೆ.